ರದ್ದಿ ಪೇಪರ್‌ನಾಗಿನ ಹಳೇ ಮಳೆ

"ಇಂಥಾ ಮಳೆ, ಇಂಥಾ ಬಿಸಿಲು ಹಿಂದೆಂದೂ ಕಂಡಿಲ್ಲ" ಅನ್ನೋ ಮಾತು ಈಗ ವರ್ಷಾ ಕೇಳ್ತೀವಿ. ಖರೇ ಏನು? ತಿಳ್ಕೊಳ್ಳೋಕೆ ಇರೋ ಒಂದು ದಾರಿ ಹಳೇ ಪತ್ರಿಕೆ.

ಮಳೆಮಾಪಕ ಎಷ್ಟು ಮಿಲಿಮೀಟರ್ ಅಂತ ಹೇಳುತ್ತದೆ. ಆ ಮಳೆ ಬಿತ್ತಿಗೆಗೆ ಬಂತೋ, ಬೆಳೆ ಒಣಗಿದ ಮೇಲೆ ಬಂತೋ, ಜನ ಗುಳೆ ಹೋದರೋ ಅನ್ನೋದು ಪತ್ರಿಕೆಯಲ್ಲಿ ಸಿಗುತ್ತದೆ. "ಮೃಗಶಿರಾ ಕೈಕೊಟ್ಟಿತು" ಅಂತ ಒಂದೇ ಸಾಲಿದ್ದರೂ ಸಾಕು, ಜೂನ್ 8ರ ಸುಮಾರಿಗೆ ಶುರುವಾಗೋ ಎರಡು ವಾರ ಹೇಗಿದ್ದವು ಅಂತ ಗೊತ್ತಾಗುತ್ತದೆ.

ನಾನು ಬಿ.ಕಾಂ ಓದಿದವ, ಮೊದಲು ನೋಡೋದು ಪೇಟೆ ಧಾರಣೆ. ಮಳೆ ತಡವಾದರೆ ವ್ಯಾಪಾರಿ ಮಾಲು ಹಿಡಿದಿಡ್ತಾನೆ, ಜೋಳದ ದರ ಏರುತ್ತದೆ. ಆದರೆ ದರ ಒಂದನ್ನೇ ನಂಬೋ ಹಾಗಿಲ್ಲ. 1876-78ರ ಮಹಾ ಬರದಾಗ ಮಳೆ ಕೈಕೊಟ್ಟಿದ್ದು ಖರೆ. ಅದೇ ಹೊತ್ತಿನಲ್ಲಿ ದೇಶದ ಧಾನ್ಯ ಹಡಗು ಹತ್ತಿ ಹೊರಗೂ ಹೋಗ್ತಿತ್ತು. ರಾಮಥಾಳ ಇರೋ ಹುನಗುಂದ ತಾಲ್ಲೂಕು ಆಗ ಕಲಾದಗಿ ಜಿಲ್ಲೆಯಲ್ಲಿತ್ತು. 1872ರಲ್ಲಿ 8 ಲಕ್ಷ ದಾಟಿದ್ದ ಆ ಜಿಲ್ಲೆಯ ಜನಸಂಖ್ಯೆ 1881ಕ್ಕೆ 6 ಲಕ್ಷ ಚಿಲ್ಲರೆಗೆ ಇಳಿಯಿತು. ಮದ್ರಾಸ್ ಟೈಮ್ಸ್ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲೇ ಈ ಬರದ ಮೇಲೆ ಎರಡು ಸಂಪುಟ ಬರೆದ.

ಇನ್ನೊಂದು ಎಚ್ಚರ ಬೇಕು. ಪತ್ರಿಕೆ ಅಚ್ಚಾಗ್ತಿದ್ದದ್ದು ಪಟ್ಟಣದಾಗ. ನಮ್ಮ ಹಳ್ಳಿ ಸುದ್ದಿ ಇಲ್ಲ ಅಂದ್ರೆ ಅಲ್ಲಿ ಮಳೆ ಚಲೋ ಆಗಿತ್ತು ಅಂತಲ್ಲ. ಅದಕ್ಕೇ ಪತ್ರಿಕೆ, ಮಳೆ ದಾಖಲೆ ಎರಡನ್ನೂ ತಾಳೆ ನೋಡಬೇಕು.

2009 ನೆನಪು ಮಾಡ್ಕೊಳ್ಳಿ. ಆ ವರ್ಷ ದೇಶದ ಮುಂಗಾರು ಸರಾಸರಿಗಿಂತ 22% ಕಡಿಮೆ. ಬರೀ ಈ ಅಂಕಿ ನೋಡಿದವರು ಬರಗಾಲ ಅಂತಾರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಪತ್ರಿಕೆ ತೆಗೆದರೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳು ನೀರಾಗ ನಿಂತಿವೆ. ಒಂದೇ ವರ್ಷ, ಎರಡೂ ಖರೆ.

ಇವತ್ತು ರಾಮಥಾಳದ ಹೆಸರಿನ ಹನಿ ನೀರಾವರಿ ಯೋಜನೆ ನಾರಾಯಣಪುರ ಜಲಾಶಯದ ನೀರನ್ನು 24,000 ಹೆಕ್ಟೇರ್‌ಗೆ ಮುಟ್ಟಿಸೋಕೆ ಹೊರಟದ್ದು. ಆ ಜಲಾಶಯಕ್ಕೂ ನೀರು ಬರಬೇಕಾದದ್ದು ಮಳೆಯಿಂದಲೇ. ಬರ ಎಷ್ಟು ವರ್ಷಕ್ಕೊಮ್ಮೆ ಬಂದಿತ್ತು ಅನ್ನೋ ಲೆಕ್ಕ ಇಲ್ಲದೆ ನಾಳಿನ ನೀರಿನ ಲೆಕ್ಕ ಹಾಕೋದು ಹ್ಯಾಂಗ?

ಮನೆ ಅಟ್ಟದ ಮೇಲೆ ಹಳೇ ಪೇಪರ್ ಕಟ್ಟಿದ್ದರೆ ರದ್ದಿಗೆ ಹಾಕೋ ಮೊದಲು ಮಳೆ, ಬೆಳೆ, ಧಾರಣೆ ಇರೋ ಪುಟದ ಫೋಟೋ ತೆಗೀರಿ. ಪತ್ರಿಕೆ ಹೆಸರು, ತಾರೀಖು ಕಾಣಲೇಬೇಕು. ತಾರೀಖಿಲ್ಲದ ಮಳೆ ಸುದ್ದಿ ಲೆಕ್ಕಕ್ಕೆ ಬರೋದಿಲ್ಲ.