ಗರ್ಭಿಣಿಯರು ಮತ್ತು ತಾಯಂದಿರ ಹೊರರೋಗಿ ವ್ಯಸನ ಚಿಕಿತ್ಸೆ

ಗರ್ಭಿಣಿಯರು ಮತ್ತು ತಾಯಂದಿರ ಹೊರರೋಗಿ ವ್ಯಸನ ಚಿಕಿತ್ಸೆ ಎಂಬುದು ತಂಬಾಕು, ಮದ್ಯ, ಅಫೀಮು ಮೂಲದ ಪದಾರ್ಥಗಳು ಮುಂತಾದವುಗಳ ಚಟಕ್ಕೆ ಒಳಗಾದ ಗರ್ಭಿಣಿ, ಬಾಣಂತಿ ಹಾಗೂ ಎಳೆಮಕ್ಕಳ ತಾಯಂದಿರಿಗೆ, ಆಸ್ಪತ್ರೆಗೆ ದಾಖಲಿಸಿಕೊಳ್ಳದೆ ನೀಡುವ ವೈದ್ಯಕೀಯ ಮತ್ತು ಆಪ್ತಸಮಾಲೋಚನಾ ಸೇವೆಯಾಗಿದೆ. ಮನೆ, ಮಕ್ಕಳು ಮತ್ತು ದುಡಿಮೆಯನ್ನು ಬಿಟ್ಟು ವಾರಗಟ್ಟಲೆ ವ್ಯಸನಮುಕ್ತಿ ಕೇಂದ್ರದಲ್ಲಿ ಉಳಿಯುವುದು ಹೆಚ್ಚಿನ ಮಹಿಳೆಯರಿಗೆ ಸಾಧ್ಯವಾಗದ ಕಾರಣ ಈ ಬಗೆಯ ಚಿಕಿತ್ಸೆಗೆ ಮಹತ್ವವಿದೆ. ಪ್ರತಿ ಗರ್ಭಿಣಿಯನ್ನೂ ಆದಷ್ಟು ಬೇಗ ಮತ್ತು ಪ್ರತಿಯೊಂದು ತಪಾಸಣೆಯಲ್ಲಿಯೂ ಮದ್ಯ ಹಾಗೂ ಮಾದಕ ವಸ್ತುಗಳ ಬಳಕೆಯ ಕುರಿತು ವಿಚಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2014ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ.

ಕರ್ನಾಟಕದಲ್ಲಿ ವ್ಯಸನದ ಸ್ವರೂಪ

ವ್ಯಸನಮುಕ್ತಿ ಎಂದೊಡನೆ ಮದ್ಯಪಾನಿ ಪುರುಷನೇ ನೆನಪಿಗೆ ಬರುತ್ತಾನೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮದ್ಯ ಸೇವಿಸುವ ಪುರುಷರು ಶೇ. 27.3, ಮಹಿಳೆಯರು ಶೇ. 1.6. ಆದರೆ ತಂಬಾಕಿನ ಲೆಕ್ಕ ಬೇರೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ಶೇ. 12.8ರಷ್ಟು ಮಹಿಳೆಯರು ಹೊಗೆರಹಿತ ತಂಬಾಕನ್ನು ಬಳಸುತ್ತಾರೆ. ಆದುದರಿಂದ ಗ್ರಾಮೀಣ ಕರ್ನಾಟಕದ ತಾಯಂದಿರ ವಿಷಯದಲ್ಲಿ ಮೊದಲು ಗಮನಿಸಬೇಕಾದುದು ಹೊಗೆಸೊಪ್ಪು ಮತ್ತು ಕಡ್ಡಿಪುಡಿ.

ಅಡಿಕೆ ಬೆಳೆಯುವ ತರೀಕೆರೆ, ಕಡೂರು, ಅಜ್ಜಂಪುರ ಸೀಮೆಯಲ್ಲಿ ಎಲೆಅಡಿಕೆಯು ಮರ್ಯಾದೆಯ ವಸ್ತು. ಊಟವಾದ ಮೇಲೆ ಬಾಣಂತಿಗೆ ಅದನ್ನು ಕೊಡುವ ವಾಡಿಕೆಯೂ ನಾಡಿನ ಹಲವೆಡೆ ಇದೆ. ಹಲ್ಲುನೋವಿಗೆಂದೋ ಹಸಿವು, ದಣಿವು ಮರೆಯಲೆಂದೋ ಅದರೊಡನೆ ಸೇರುವ ಹೊಗೆಸೊಪ್ಪನ್ನು ಮನೆಯವರು ಚಟವೆಂದು ಎಣಿಸುವುದಿಲ್ಲ. ಕೇಳದ ಹೊರತು ಗರ್ಭಿಣಿಯೂ ವೈದ್ಯರಿಗೆ ತಿಳಿಸುವುದಿಲ್ಲ. ರಾಜ್ಯ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತಾದರೂ ಹೊಗೆಸೊಪ್ಪಿನ ಮಾರಾಟ ನಿಂತಿಲ್ಲ.

ಹೊಗೆ ಇಲ್ಲದ ಮಾತ್ರಕ್ಕೆ ಹಾನಿ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಮುಂಬಯಿಯ 1,217 ಮಹಿಳೆಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸುವ ತಾಯಂದಿರ ಶಿಶುಗಳ ಜನನ ತೂಕವು ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವಧಿಪೂರ್ವ ಹೆರಿಗೆಯೂ ಹೆಚ್ಚಾಗಿತ್ತು. ತಂಬಾಕಿಲ್ಲದ ಎಲೆಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ಚಿಕಿತ್ಸಾ ವಿಧಾನ

ತಂಬಾಕಿಗೆ ಸಂಬಂಧಿಸಿದಂತೆ ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ಯಾವ ಹೊತ್ತಿನಲ್ಲಿ, ಯಾರೊಡನೆ ಕುಳಿತಾಗ ಬಾಯಿ ಬಯಸುತ್ತದೆ ಎಂಬುದನ್ನು ಗುರುತಿಸಿ, ಬಿಡುವ ದಿನವನ್ನು ಗೊತ್ತುಪಡಿಸಿ, ಮುಂದಿನ ಭೇಟಿಗಳಲ್ಲಿ ವಿಚಾರಿಸಲಾಗುತ್ತದೆ. ಅತ್ತೆ ಅಥವಾ ತಾಯಿಯೂ ಜೊತೆಗೆ ಎಲೆಅಡಿಕೆ ಹಾಕುವವರಾದರೆ ಅವರನ್ನೂ ಮಾತಿಗೆ ಕರೆಯುವುದು ಅಗತ್ಯ.

ಎಲ್ಲ ವ್ಯಸನಗಳಿಗೂ ಹೊರರೋಗಿ ಚಿಕಿತ್ಸೆ ಸಾಲದು. ಮದ್ಯಕ್ಕೆ ತೀವ್ರವಾಗಿ ಅವಲಂಬಿತಳಾದ ಗರ್ಭಿಣಿಯು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಅಪಸ್ಮಾರ, ಸನ್ನಿ ಉಂಟಾಗಬಹುದಾದ್ದರಿಂದ ಆರಂಭದ ದಿನಗಳಲ್ಲಿ ದಾಖಲಾಗಬೇಕು. ಡೈಸಲ್ಫಿರಾಮ್ ಮಾತ್ರೆಯನ್ನು ಗರ್ಭಾವಸ್ಥೆಯಲ್ಲಿ ನೀಡುವುದಿಲ್ಲ. ಅಫೀಮು ಮೂಲದ ವ್ಯಸನದಲ್ಲಿ ಹಠಾತ್ತನೆ ಬಿಡಿಸುವ ಬದಲು ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧವನ್ನು ಮುಂದುವರಿಸುವುದೇ ಸುರಕ್ಷಿತ. ಮನೆಯವರ ಒತ್ತಾಯದಿಂದ ಔಷಧ ನಿಲ್ಲಿಸುವುದು ಅಪಾಯಕಾರಿ.

ಸೇವೆಗಳು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದ್ದು, 2009ರಿಂದ ತಾಯಿ–ಮಗುವಿನ ಮನೋವೈದ್ಯಕೀಯ ಒಳರೋಗಿ ಘಟಕವೂ ಇದೆ. ಆದರೆ ಅಂತರಘಟ್ಟೆಯಂತಹ ಊರಿನ ತುಂಬು ಗರ್ಭಿಣಿಗೆ ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೆ ಪದೇ ಪದೇ ಹೋಗಿಬರುವುದು ಆಗದ ಮಾತು. ಅವಳಿಗೆ ಎಟುಕುವುದು ತಾಲ್ಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಹೊರರೋಗಿ ಸೇವೆಯನ್ನು ಯೋಜಿಸಲಾಗಿದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯು ಪ್ರತಿ ತಿಂಗಳ 9ರಂದು ನಡೆಯುತ್ತದೆ. ತಾಯಿ ಕಾರ್ಡ್ ಹಿಡಿದು ಬಂದವಳನ್ನು ಅಂದೇ ಹೊಗೆಸೊಪ್ಪಿನ ಬಗ್ಗೆ ಕೇಳಿದರೆ ಪ್ರತ್ಯೇಕ ಪ್ರಯಾಣದ ಅಗತ್ಯವೇ ಇರುವುದಿಲ್ಲ. ತಂಬಾಕು ಬಿಡಲು 1800-11-2356, ಇತರ ವ್ಯಸನಗಳಿಗೆ 14446, ಮಾನಸಿಕ ನೆರವಿಗೆ ಟೆಲಿ ಮಾನಸ್‌ನ 14416 ಉಚಿತ ದೂರವಾಣಿ ಸಂಖ್ಯೆಗಳಿವೆ.

ಕಾನೂನು

ಚಿಕಿತ್ಸೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯವು ಅನೇಕ ತಾಯಂದಿರನ್ನು ದೂರವಿಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಆರೈಕೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಅದರ 21ನೆಯ ಕಲಮು ಹೇಳುತ್ತದೆ. ತಾಯಿಯಿಂದ ಮಗುವಿಗೆ ಅಪಾಯವಿದ್ದಾಗ ಅಥವಾ ಮಗುವಿನ ಸುರಕ್ಷತೆಗೆ ಅಗತ್ಯವಾದಾಗ ತಾತ್ಕಾಲಿಕವಾಗಿ ಬೇರ್ಪಡಿಸಬಹುದು. ಆಗಲೂ ತಾಯಿಗೆ ಮಗುವನ್ನು ಕಾಣುವ ಅವಕಾಶವಿರುತ್ತದೆ.