ಹೆಳವರು ಹೇಳದ ಅಜ್ಜಿ ಎಂ.ಆರ್. ಪುಸ್ತಕದಲ್ಲಿ ಸಿಕ್ಕಿದ್ದು

ಮನೆತನದ ಇತಿಹಾಸ ಹುಡುಕಬೇಕು ಅಂದರೆ ವಕೀಲರು ಬೇಕು, ಬೆಂಗಳೂರಿಗೆ ಅಲೀಬೇಕು, ಸಾವಿರಗಟ್ಟಲೆ ಖರ್ಚು ಅಂತ ಹೆದರಿಸೋರೇ ಜಾಸ್ತಿ. ಆಸ್ತಿ ಕೇಸಿಗಾದರೆ ಅದು ನಿಜ ಇರಬಹುದು. ಬರೀ ನಮ್ಮ ಹಿರೀಕರು ಯಾರು, ಎಲ್ಲಿಂದ ಬಂದರು ಅಂತ ತಿಳಿಯೋಕೆ ಹೊಲ ಇರೋ ಮನೆಗೆ ಅಷ್ಟೆಲ್ಲ ಬೇಕಿಲ್ಲ. ಕಂದಾಯ ವಸೂಲಿ ಮಾಡೋಕೆ ಸರ್ಕಾರ ನಮ್ಮ ಹೆಸರುಗಳನ್ನ ಬರೆದಿಟ್ಟಿದೆ. ನಮ್ಮ ಮೇಲಿನ ಪ್ರೀತಿಗಲ್ಲ, ಆದರೂ ಬರೆದಿಟ್ಟಿದೆ.

ನಾನು ಶುರು ಮಾಡಿದ್ದು ಹೆಳವರಿಂದ. ಸುಗ್ಗಿ ಆದಮೇಲೆ ಎತ್ತಿನ ಮೇಲೆ ಗಂಟೆ ಬಾರಿಸ್ಕೊಂಡು ಬರೋರನ್ನ ನಮ್ಮ ಕಡೆ ಹುಡುಗರು ಈಗ ಭಿಕ್ಷುಕರು ಅನ್ಕೊಂಡಿದ್ದಾರೆ. ಅವರು ಒಕ್ಕಲುಗಳ ವಂಶಾವಳಿ ಇಟ್ಕೊಂಡಿರೋ ಜನ. ಇಂತಿಂಥ ಮನೆ ಇಂತಿಂಥ ಹೆಳವರಿಗೆ ಅಂತ ಹಂಚಿಕೆಯೇ ಇದೆ. ನಮ್ಮ ಮನೆಗೆ ಬರೋ ಹಿರಿಯರನ್ನ ಜಗಲಿ ಮೇಲೆ ಕೂರಿಸಿ, ಒಂದು ಮೂಟೆ ರಾಗಿ ಕೊಟ್ಟು, ಎಲ್ಲಾನೂ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಏಳು ತಲೆ ಹೇಳಿದರು. ಮೂಲ ಊರು ಬೇರೆ, ಧಾತು ಈಶ್ವರದ ಬರದಲ್ಲಿ ಅಣ್ಣತಮ್ಮ ಇಬ್ಬರು ಇಲ್ಲಿಗೆ ಬಂದರು ಅಂದರು.

ಈ ಸಂವತ್ಸರದ ಹೆಸರು ಕೇಳಿ ಕೈ ಬಿಡಬೇಡಿ. ಅರವತ್ತು ವರ್ಷಕ್ಕೊಂದು ಸುತ್ತು. ಪ್ರಭವ ಬಂದಿದ್ದು 1867, 1927, 1987ರಲ್ಲಿ. ಮನೇಲಿರೋ ಪಂಚಾಂಗ ಹಿಡಿದು ಬೆರಳಲ್ಲಿ ಎಣಿಸಿದರೆ ಸಾಕು. ಧಾತು ಹತ್ತನೇದು, ಅಂದರೆ 1876. ಈಶ್ವರ ಅದರ ಮುಂದಿನ ವರ್ಷ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು, 1881ರಲ್ಲಿ 42 ಲಕ್ಷಕ್ಕೂ ಒಂಚೂರು ಕಮ್ಮಿ. ಆ ಹತ್ತು ವರ್ಷದಲ್ಲಿ ಊರಿಗೆ ಊರೇ ಬರಿದಾಗಿತ್ತು. ನಮ್ಮ ಸುತ್ತಮುತ್ತ ಎಷ್ಟು ಮನೇಲಿ 'ಬರದಲ್ಲಿ ಬಂದೋರು' ಅನ್ನೋ ಮಾತಿದೆ ಅಂತ ಕೇಳಿ ನೋಡಿ.

ಆದರೆ ಹೆಳವರು ಹೇಳಿದ ಏಳು ತಲೇಲಿ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಕೇಳಿದ್ದಕ್ಕೆ 'ಗಂಡು ಸಂತಾನ ಹೇಳೋದು ನಮ್ಮ ಪದ್ಧತಿ ಗೌಡ್ರೇ' ಅಂದರು.

ಆಮೇಲೆ ತಾಲ್ಲೂಕು ಕಚೇರಿ. ಈಗಿನ ಕಂಪ್ಯೂಟರ್ ಪಹಣಿಯಲ್ಲಿ ಒಂಬತ್ತನೇ ಕಾಲಂ ಮಾಲೀಕನ ಹೆಸರು. ಅದರ ಪಕ್ಕದಲ್ಲಿ ಜಮೀನು ಹೇಗೆ ಬಂತು ಅನ್ನೋದಕ್ಕೆ ಎಂ.ಆರ್. ನಂಬರ್ ಇರುತ್ತೆ. ಆ ನಂಬರ್ ಹಿಡಿದು ಹಿಂದಿನ ಎಂ.ಆರ್., ಅದರಿಂದ ಅದರ ಹಿಂದಿಂದು, ಹಗ್ಗ ಹಿಡಿದು ಬಾವಿಗೆ ಇಳಿದ ಹಾಗೆ. ಭೂಮಿ ಯೋಜನೆಗೆ ಮುಂಚಿನ ಕೈಬರಹದ ಪುಸ್ತಕಗಳು ರೆಕಾರ್ಡ್ ರೂಮಲ್ಲಿವೆ. ಮೂರು ಸಲ ಹೋದೆ. ನಕಲು, ಬಸ್ಸು, ಕಾಫಿ ಎಲ್ಲಾ ಸೇರಿ ಒಂದು ಮೂಟೆ ಯೂರಿಯಾ, ಒಂದು ಮೂಟೆ ಡಿಎಪಿ ದುಡ್ಡೂ ಆಗಲಿಲ್ಲ. ಇವತ್ತು ಬಾ ನಾಳೆ ಬಾ ಅಂದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು.

ಓದುವಾಗ 'ಪೌತಿ' ಅಂತ ಇದ್ದರೆ ಯಾರೋ ತೀರಿಕೊಂಡು ವಾರಸುದಾರರಿಗೆ ಖಾತೆ ಆಗಿದೆ ಅಂತ. 'ಬಿನ್' ಅಂದರೆ ಇಂಥೋರ ಮಗ. 'ಕೋಂ' ಅಂದರೆ ಇಂಥೋರ ಹೆಂಡತಿ. 'ಮೈ.ಗಾ.' ಅಂದರೆ ಮೈನರ್ ಗಾರ್ಡಿಯನ್. ಸರ್ವೆ ನಂಬರಿನ ಮುಂದೆ 1, 2, 3 ಅಂತ ಹಿಸ್ಸಾ ಬಿದ್ದಿದ್ದರೆ, ಹೆಚ್ಚಿನ ಪಾಲು ಅದು ಅಣ್ಣತಮ್ಮಂದಿರು ಬೇರೆಯಾದ ಗುರುತು.

ಸುಮಾರು 80 ವರ್ಷದ ಹಿಂದಿನ ಒಂದು ಪೌತಿ ಎಂ.ಆರ್.ನಲ್ಲಿ ನಮ್ಮ ಮುತ್ತಜ್ಜಿ ಸಿಕ್ಕಿದರು. ಅವರ ಹೆಸರು, ಕೋಂ, ಮುತ್ತಜ್ಜನ ಹೆಸರು. ಕೆಳಗೆ ಇಬ್ಬರು ಗಂಡುಮಕ್ಕಳು, ಮೈ.ಗಾ. ತಾಯಿ. ಗಂಡ ಸತ್ತಾಗ ನಮ್ಮ ತಾತನೇ ಇನ್ನೂ ಸಣ್ಣ ಹುಡುಗ ಅನ್ನೋದು ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಮಾರನೇ ವರ್ಷ ಆಕೆ 20 ಗುಂಟೆ ಕ್ರಯ ಕೊಟ್ಟಿದ್ದಾರೆ. ಆರು ವರ್ಷ ಬಿಟ್ಟು ಅದೇ 20 ಗುಂಟೆಯನ್ನ ಅದೇ ಮನೆಯೋರಿಂದ ತಿರುಗಿ ಕ್ರಯಕ್ಕೆ ತಗೊಂಡಿದ್ದಾರೆ. ಎರಡು ಕಡೆಯೂ ಹೆಬ್ಬೆಟ್ಟು. ಆ ಆರು ವರ್ಷ ಏನು ತಿಂದರು, ಏನು ಕೂಡಿಟ್ಟರು ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಆ ತುಂಡಿಗೆ ನಾವು ಈಗಲೂ 'ಅಜ್ಜಿ ಹೊಲ' ಅಂತೀವಿ. ಯಾವ ಅಜ್ಜಿ ಅಂತ ಯಾರೂ ಕೇಳಿರಲಿಲ್ಲ.

ಗೇಣಿ ಮಾಡ್ತಿದ್ದ ಮನೆಯೋರಿಗೆ ಒಂದು ಮಾತು. ನಿಮ್ಮ ಹಿರೀಕರು ಒಂಬತ್ತನೇ ಕಾಲಂನಲ್ಲಿ ಸಿಗದಿದ್ದರೆ ಹನ್ನೆರಡನೇ ಕಾಲಂ, ಸಾಗುವಳಿದಾರರದ್ದು, ನೋಡಿ. 1974ರ ತಿದ್ದುಪಡಿ ಆದಮೇಲೆ ಭೂ ನ್ಯಾಯಮಂಡಳಿಗೆ ಹಾಕಿದ ಫಾರಂ 7ರ ಕಡತ ಸಿಕ್ಕರೆ ಅದೇ ದೊಡ್ಡ ಇತಿಹಾಸ. ಅಲ್ಲಿನ ಹೇಳಿಕೆಗಳಲ್ಲಿ ಯಾವಾಗಿಂದ ಉಳ್ತಿದ್ದರು, ಗೇಣಿ ಎಷ್ಟು ಅಳೀತಿದ್ದರು ಅಂತೆಲ್ಲ ಇರುತ್ತೆ. ತೋಟಿ, ತಳವಾರಿಕೆ ಇನಾಂ ಇದ್ದ ಮನೆಗಳದ್ದು 1961ರ ಗ್ರಾಮ ಹುದ್ದೆ ರದ್ದಿಯಾತಿ ಕಾಯ್ದೆ ಕೆಳಗಿನ ಮರುಮಂಜೂರಾತಿ ಕಡತದಲ್ಲಿರುತ್ತೆ. ಭೂಮಿಯೇ ಇಲ್ಲದೋರಿಗೆ ಈ ದಾರಿ ಅರ್ಧಕ್ಕೇ ನಿಲ್ಲುತ್ತೆ, ಅದನ್ನ ಮುಚ್ಚಿಡೋದು ಬೇಡ. ಅವರಿಗೆ ಶಾಲೆಯ ದಾಖಲಾತಿ ಪುಸ್ತಕ ಒಂದು ಆಸರೆ. ತಂದೆ ಹೆಸರು ನಂಬಬಹುದು. ಹುಟ್ಟಿದ ತಾರೀಕು ಮಾತ್ರ ಮೇಷ್ಟ್ರು ಅಂದಾಜಲ್ಲಿ ಹಾಕಿದ್ದಿರಬಹುದು.

ಇದೆಲ್ಲ ನಡೀತಿರುವಾಗಲೇ ನಮ್ಮ ಅಪ್ಪನ ಪೌತಿ ಖಾತೆಗೆ ಅರ್ಜಿ ಹಾಕೋದಿತ್ತು. ನೆಂಟರೊಬ್ಬರು 'ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನ ಬಿಟ್ಟುಬಿಡಿ, ಕೆಲಸ ಬೇಗ ಆಗುತ್ತೆ' ಅಂದರು. ಅಮ್ಮನ ಹೆಸರಿನ ಕೆಳಗೆ ನನ್ನ ಹೆಸರಿಗಿಂತ ಮೊದಲು ಇಬ್ಬರು ಅಕ್ಕಂದಿರ ಹೆಸರು ಬರೆಸಿದೆ. ದೊಡ್ಡಕ್ಕ ಫೋನ್ ಮಾಡಿ 'ನಂಗೇನು ಪಾಲು ಬೇಡ ಕಣೋ' ಅಂದಳು. ಪಾಲಿನ ಮಾತು ಆಮೇಲೆ ಅಕ್ಕ, ಮೊದಲು ಹೆಸರು ಇರಲಿ ಅಂದೆ.