ಎರಡೂ ಕಡೆ ಸಿಡಿದ ಬೋಫೋರ್ಸ್

ಬೋಫೋರ್ಸ್ ಎಂದೊಡನೆ ಭಾರತೀಯರಿಗೆ ನೆನಪಾಗುವುದು 1986ರಲ್ಲಿ ಕೊಂಡ 155 ಮಿಲಿಮೀಟರ್ ಫಿರಂಗಿ, ಮರುವರ್ಷ ಎದ್ದ ಲಂಚದ ಆರೋಪ. ಎರಡನೇ ಮಹಾಯುದ್ಧದ ಯೋಧರಿಗಾದರೋ ಅದೇ ಸ್ವೀಡಿಷ್ ಕಂಪನಿಯ ಹೆಸರು 40 ಮಿಲಿಮೀಟರಿನ ವಿಮಾನ ನಿರೋಧಕ ಫಿರಂಗಿಯದು.

1930ರ ದಶಕದಲ್ಲಿ ರೂಪುಗೊಂಡ ಇದು ಸುಮಾರು ಒಂದು ಕಿಲೋ ತೂಕದ ಗುಂಡುಗಳನ್ನು ನಿಮಿಷಕ್ಕೆ 120ರ ವೇಗದಲ್ಲಿ ಹಾರಿಸುತ್ತಿತ್ತು. ನಾಲ್ಕು ಗುಂಡುಗಳ ಕಟ್ಟುಗಳನ್ನು ಸೈನಿಕರು ಮೇಲಿನಿಂದ ಕೈಯಲ್ಲೇ ತುಂಬುತ್ತಲೇ ಇರಬೇಕಿತ್ತು.

ಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿತ್ತು; ಅದರ ಫಿರಂಗಿಗೆ ಆ ಕಟ್ಟುಪಾಡು ಇರಲಿಲ್ಲ. ಪರವಾನಗಿ ಪಡೆದು ಇದನ್ನು ತಯಾರಿಸಿದ್ದ ಪೋಲೆಂಡ್, 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳ ಮೇಲೆ ಪ್ರಯೋಗಿಸಿತು. ಪೋಲೆಂಡ್ ಸೋತಾಗ ಜರ್ಮನರ ವಶವಾದ ಫಿರಂಗಿಗಳು ಅವರ ಸೇನೆಯನ್ನೇ ಸೇರಿದವು. ಇತ್ತ ಬ್ರಿಟನ್ ಇದನ್ನು ತಯಾರಿಸಿತು. ಅಮೆರಿಕದಲ್ಲಿ ಕಾರು ತಯಾರಕ ಕ್ರೈಸ್ಲರ್ ಕಂಪನಿಯೂ ಈ ಕೆಲಸಕ್ಕೆ ಇಳಿಯಿತು. ಶತ್ರುಗಳಿಬ್ಬರ ಕೈಯಲ್ಲೂ ಒಂದೇ ಆಯುಧ!

1944ರಿಂದ ಜಪಾನೀ ಆತ್ಮಾಹುತಿ ವಿಮಾನಗಳು ಹಡಗುಗಳ ಮೇಲೆ ಎರಗತೊಡಗಿದಾಗ ಇದರ ಮಿತಿಯೂ ತಿಳಿಯಿತು. ಗುಂಡು ತಗುಲಿದರೂ ವಿಮಾನ ನಿಲ್ಲುತ್ತಿರಲಿಲ್ಲ. ಹಾಗಾಗಿ ಅಮೆರಿಕದ ನೌಕಾಪಡೆ ಇನ್ನೂ ದೊಡ್ಡ, 3 ಅಂಗುಲದ ಫಿರಂಗಿಯ ಮೊರೆಹೋಯಿತು.

ಅಮೆರಿಕದ ಮೊಬೀಲ್ ನಗರದಲ್ಲಿ 1965ರಿಂದ ವಸ್ತುಸಂಗ್ರಹಾಲಯವಾಗಿರುವ 'ಅಲಬಾಮಾ' ಯುದ್ಧನೌಕೆಯಲ್ಲಿ ಈ ಫಿರಂಗಿಗಳು ನಾಲ್ಕು ನಾಲ್ಕರ ಗುಂಪಿನಲ್ಲಿ ಇಂದಿಗೂ ಉಳಿದಿವೆ.